ಒಬ್ಬನೇ ಬಂದರೂ ಬಾಗಿಲು ತೆಗೆಯಬೇಕು

ಆಶ್ರಯ ಕೇಳಿ ಲಂಡನ್ನಿಗೆ ಬಂದ ಹುಡುಗರಿಗೆ ನಾನು ವಾರಕ್ಕೊಮ್ಮೆ ಬ್ಯಾಸ್ಕೆಟ್‌ಬಾಲ್ ಆಡಿಸುತ್ತೇನೆ. ಮೊನ್ನೆ ಶುಕ್ರವಾರ ತಲೆ ಎಣಿಸಿದೆ. ಇಪ್ಪತ್ತಾರು ಹುಡುಗರು. "ಎರಡು ವಾರ ಬರ್ತಾರೆ, ಆಮೇಲೆ ಕೈ ಕೊಡ್ತಾರೆ. ದುಡ್ಡು ಜಾಸ್ತಿ ಇದ್ರೆ ನನಗೆ ಕೊಡು ಮಾರಾಯ" ಎಂದು ಮೂರು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ನಕ್ಕಿದ್ದ ಗೆಳೆಯನಿಗೆ ಫೋಟೊ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ನಾನು ಮಂಡ್ಯದವನು. ಕಾಲೇಜು ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದ್ದೆ, ಅಷ್ಟೇ. ಕೆಲಸಕ್ಕೆಂದು ಬಂದು ದಕ್ಷಿಣ ಲಂಡನ್ನಿನ ಕ್ರಾಯ್ಡನ್ನಿನಲ್ಲಿ ನೆಲೆ ನಿಂತೆ. ಆಶ್ರಯ ಕೇಳಿ ಬಂದವರು ಅರ್ಜಿ ಹಿಡಿದು ಹೋಗುವ ಲೂನಾರ್ ಹೌಸ್ ಎಂಬ ಸರ್ಕಾರಿ ಕಚೇರಿ ಇರುವುದು ಇಲ್ಲೇ. ನನ್ನ ಹುಡುಗರು ಸುಡಾನ್, ಎರಿಟ್ರಿಯಾ, ಅಫ್ಘಾನಿಸ್ತಾನದವರು. ನನ್ನಂತೆ ಹುಡುಗರಿಗೆ ಆಟ ಕಲಿಸುವವರಿಗೆ ಡ್ರಿಲ್ ಯಾವುದು ಮಾಡಿಸಬೇಕು ಅಂತ ನಾನು ಹೇಳಬೇಕಿಲ್ಲ. ಎಲ್ಲೆಲ್ಲಿ ಎಡವಿದೆ ಅಂತ ಹೇಳುತ್ತೇನೆ.

ಮೊದಲು ಎಡವಿದ್ದು ಶೂ ವಿಷಯದಲ್ಲಿ. ಸುಮಾರು ಮುನ್ನೂರು ಪೌಂಡ್ ಸುರಿದು ಹದಿನೈದು ಜೊತೆ ತಂದು ಹಂಚಿದೆ. ಮುಂದಿನ ವಾರ ಶೂನೂ ಇಲ್ಲ, ಹುಡುಗರೂ ಇಲ್ಲ. ಎರಡನೆಯದು ಆಡಲು ಬಂದವರಿಂದ ತುಂಬಿಸುತ್ತಿದ್ದ ಅರ್ಜಿ ನಮೂನೆ. ಆಶ್ರಯದ ಕೇಸ್ ಇತ್ಯರ್ಥವಾಗದ ಹುಡುಗ ಕಾಗದ ಕಂಡರೆ ಓಡುತ್ತಾನೆ. ಈಗ ಮೊದಲ ದಿನ ಹೆಸರು ಮತ್ತು ಒಂದು ಫೋನ್ ನಂಬರ್ ಮಾತ್ರ. ಉಳಿದದ್ದನ್ನು ಎರಡನೇ ವಾರ ಪಕ್ಕದಲ್ಲಿ ಕೂತು ತುಂಬಿಸುತ್ತೇವೆ.

ಮೂರನೆಯದು ನನ್ನ ಬಾಯಿ. ಪ್ರತಿ ವಾರ ಮನೂಟ್ ಬೋಲ್ ಕಥೆಯನ್ನು ಹರಿಕಥೆ ಥರ ಹೇಳುತ್ತಿದ್ದೆ. ಸುಡಾನಿನ ಡಿಂಕಾ ಜನಾಂಗದವನು, ಏಳು ಅಡಿ ಏಳು ಇಂಚು ಎತ್ತರ. 1985ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೇರಿದವನು ಮೊದಲ ಸೀಸನ್ನಿನಲ್ಲೇ ಎದುರಾಳಿಗಳು ಬುಟ್ಟಿಗೆ ಎಸೆದ 397 ಚೆಂಡು ತಡೆದ. ಗಳಿಸಿದ್ದರಲ್ಲಿ ಬಹುಪಾಲು ಸುಡಾನಿನ ನಿರಾಶ್ರಿತರಿಗೇ ಹೋಯಿತು. ಕೈ ಖಾಲಿಯಾದ ಮೇಲೆ, 2002ರಲ್ಲಿ, ಟೀವಿಯಲ್ಲಿ ಬಾಕ್ಸಿಂಗ್ ಆಡಿದ. ಷರತ್ತು ಒಂದೇ: ನಿರಾಶ್ರಿತರಿಗೆ ದುಡ್ಡು ಎತ್ತುವ ತನ್ನ ಸಂಸ್ಥೆಯ ಫೋನ್ ನಂಬರನ್ನು ಪರದೆಯ ಮೇಲೆ ತೋರಿಸಬೇಕು. ದುಡ್ಡು ಎತ್ತಲೆಂದೇ, ಸ್ಕೇಟಿಂಗ್ ಬಾರದಿದ್ದರೂ ಐಸ್-ಹಾಕಿ ತಂಡದ ಜರ್ಸಿ ತೊಟ್ಟ. ನಮ್ಮ ಕಡೆ ಆಗಿದ್ದರೆ ಮಾನ ಹೋಯಿತು ಅನ್ನುತ್ತಿದ್ದರು. ನನಗಂತೂ ಅವನು ಮಾಡಿದ್ದೇ ಸರಿ ಅನಿಸುತ್ತದೆ.

ಹುಡುಗರಿಗೆ ಇದು ತಟ್ಟಲೇ ಇಲ್ಲ. "ಅಷ್ಟು ಎತ್ತರ ಇದ್ದಿದ್ರೆ ನಾನೂ ಆಡ್ತಿದ್ದೆ ಅಂಕಲ್" ಅಂದ ಒಬ್ಬ. ತಟ್ಟಿದ್ದು ಎನ್‌ಬಿಎಯಲ್ಲಿ ಆಡಿದ ಲುವೋಲ್ ಡೆಂಗ್ ಹೆಸರು. ಈಗಿನ ದಕ್ಷಿಣ ಸುಡಾನಿನ ವಾವ್ ಊರಿನಲ್ಲಿ 1985ರಲ್ಲಿ ಹುಟ್ಟಿದವನು. ಯುದ್ಧಕ್ಕೆ ಹೆದರಿ ಕುಟುಂಬ ಈಜಿಪ್ಟಿಗೆ ಓಡಿತು. ಅಲ್ಲಿ ಅವನಿಗೆ ಚೆಂಡು ಹಿಡಿಯಲು ಕಲಿಸಿದವನು ಇದೇ ಮನೂಟ್. ಆಮೇಲೆ ಬಂದು ಬೆಳೆದದ್ದು ಸೌತ್ ನಾರ್ವುಡ್‌ನಲ್ಲಿ, ಆಡಿದ್ದು ಬ್ರಿಕ್ಸ್‌ಟನ್‌ನಲ್ಲಿ. ಸೌತ್ ನಾರ್ವುಡ್ ಅಂದರೆ ನಮ್ಮ ಹಾಲ್‌ನಿಂದ ಬಸ್ಸಿನಲ್ಲಿ ಹದಿನೈದು ನಿಮಿಷ! ಅವತ್ತು ಯಾರೂ ಫೋನ್ ನೋಡಲಿಲ್ಲ.

ದುಡ್ಡಿನ ಮಾತು. ಹಾಲ್ ಬಾಡಿಗೆ ಗಂಟೆಗೆ ಸುಮಾರು ನಲವತ್ತು ಪೌಂಡ್. ವಾರಕ್ಕೆ ಎರಡು ಗಂಟೆ. ವರ್ಷಕ್ಕೆ ನಾಲ್ಕು ಸಾವಿರದ ಮೇಲೆ ಅಂದುಕೊಳ್ಳಿ. ಮೊದಲ ವರ್ಷ ಎಲ್ಲಾ ಜೇಬಿನಿಂದಲೇ ಹೋಯಿತು. ಹೆಂಡತಿ ಲೆಕ್ಕ ಕೇಳಿದಾಗ ಅರ್ಧ ಮಾತ್ರ ಹೇಳಿದೆ. ಎರಡನೇ ವರ್ಷ ಮನೂಟ್‌ನನ್ನು ನೆನೆದು ನಾಚಿಕೆ ಬಿಟ್ಟೆ. ಯುಗಾದಿ ಕಾರ್ಯಕ್ರಮದಲ್ಲಿ ಪಂಚೆ ಉಟ್ಟು ಹೋಳಿಗೆ, ಚಿತ್ರಾನ್ನ ಮಾರಿದೆವು. ಖರ್ಚು ಕಳೆದು ಐನೂರೋ ಆರುನೂರೋ ಉಳಿಯಿತು.

ನಡುವೆ ಒಂದು ಬೇಸಿಗೆ ಪಾರ್ಕಿನಲ್ಲಿ ಕಬಡ್ಡಿ ಆಡಿಸಿದೆ. ಅಫ್ಘಾನಿ ಹುಡುಗರು ಮೈಮೇಲೆ ದೇವರು ಬಂದವರಂತೆ ಆಡಿದರು. ಉತ್ಸಾಹದಲ್ಲಿ ಖೋ ಖೋ ಕೂಡ ಮಾಡಿಸಿದೆ. ಕುಕ್ಕರಗಾಲಲ್ಲಿ ಕೂರಲು ಯಾರೂ ತಯಾರಿಲ್ಲ. ಅಲ್ಲಿಗೆ ಅದು ಮುಗಿಯಿತು.

ಕೊನೆಗೆ ಕೈ ಹಿಡಿದದ್ದು ಬಾಗಿಲು. ಮಳೆ ಬರಲಿ, ಕ್ರಿಸ್‌ಮಸ್ ಬರಲಿ, ಶುಕ್ರವಾರ ಆರೂವರೆಗೆ ತೆಗೆಯಲೇಬೇಕು. ಹಾಲ್‌ನವರಿಂದ ರಜಾ ದಿನದ ಕೀ ಹೇಗೆ ಸಿಗುತ್ತದೆ ಅಂತ ಮಾತ್ರ ಕೇಳಬೇಡಿ, ಹೇಳಲ್ಲ. ಎರಡನೇ ಚಳಿಗಾಲದ ಒಂದು ಸಂಜೆ ಒಬ್ಬನೇ ಬಂದ. ಇಬ್ಬರೂ ಎರಡು ಗಂಟೆ ಸುಮ್ನೆ ಬುಟ್ಟಿಗೆ ಚೆಂಡು ಹಾಕುತ್ತಾ, ಬಾಳೆಹಣ್ಣು ತಿನ್ನುತ್ತಾ ಕಳೆದೆವು. ಹೆಚ್ಚು ಮಾತಿಲ್ಲ. ಮುಂದಿನ ವಾರ ನಾಲ್ವರನ್ನು ಕರೆತಂದ. ಮೂರು ವಾರ ಕಾಣದವನನ್ನು ವಾಪಸ್ ಕರೆಸುವುದಕ್ಕೂ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

2024ರ ಜುಲೈನಲ್ಲಿ ಇದೇ ಲಂಡನ್ನಿನಲ್ಲಿ ದಕ್ಷಿಣ ಸುಡಾನ್ ತಂಡ ಅಮೆರಿಕದ ಜೊತೆ ಅಭ್ಯಾಸ ಪಂದ್ಯ ಆಡಿತು. ಆಗ ಸರಿಯಾದ ಒಳಾಂಗಣ ಅಂಕಣವೇ ಇಲ್ಲದಿದ್ದ ದೇಶ. ಡೆಂಗ್ ಅಲ್ಲಿನ ಫೆಡರೇಶನ್ ಅಧ್ಯಕ್ಷನಾಗಿ, ಸ್ವಂತ ದುಡ್ಡು ಹಾಕಿ ಕಟ್ಟಿದ ತಂಡ. ನಮ್ಮ ಮನೆಯಲ್ಲಿ ಪಂದ್ಯ ನೋಡಲು ಹನ್ನೊಂದು ಹುಡುಗರು, ದೊಡ್ಡ ಪಾತ್ರೆ ತುಂಬ ಬಿಸಿಬೇಳೆಬಾತ್. ಕೊನೆ ಗಳಿಗೆಯಲ್ಲಿ ಅಮೆರಿಕದ ಲೆಬ್ರಾನ್ ಜೇಮ್ಸ್ ಹಾಕಿದ ಬುಟ್ಟಿಯಿಂದ ದಕ್ಷಿಣ ಸುಡಾನಿನವರು 101-100ರಲ್ಲಿ ಸೋತರು. ಸೋತರೂ ನಮ್ಮವರ ಕೂಗಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು.

ಅವತ್ತು ಒಬ್ಬನೇ ಬಂದಿದ್ದ ಹುಡುಗನಿಗೆ ಈಗ ಚಿಕ್ಕವರ ಗುಂಪು ಒಪ್ಪಿಸಿದ್ದೇನೆ. ನನಗಿಂತ ಜೋರಾಗಿ ಬೈಯುತ್ತಾನೆ. ಸೆಪ್ಟೆಂಬರಿನಿಂದ ಬಾಡಿಗೆ ಗಂಟೆಗೆ ಐದು ಪೌಂಡ್ ಏರುತ್ತದಂತೆ. ಹೋಳಿಗೆ ಲೆಕ್ಕ ಮತ್ತೆ ಹಾಕಬೇಕು.