ಮುನ್ನೂರು ಫ್ರೇಸಲ್ ವರ್ಬ್ ಬಿಟ್ಟು ಒಂದೇ ‘ಪಿಕ್ ಅಪ್’ ಹಿಡ್ಕೊಂಡಿದ್ದು: ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸೋರಿಗೋಸ್ಕರ ಬರೀತಿದೀನಿ, ಹಾಗಾಗಿ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಅಪ್, ಆಫ್ ಥರದ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡೋ ಜೋಡಿ) ಅಂದ್ರೇನು ಅಂತ ಶುರುವಿಂದ ಹೇಳಕ್ಕೆ ಹೋಗಲ್ಲ. ಪಿಕ್ ಅಪ್ ಒಂದನ್ನೇ ಎರಡು ವಾರ ಮಾಡ್ತೀನಿ ಅಂದಾಗ ಇದೇ ದಾವಣಗೆರೆಯಲ್ಲಿ ಕ್ಲಾಸ್ ನಡೆಸೋ ಒಬ್ರು ಮೇಷ್ಟ್ರು, ಹುಡುಗ್ರು ಫೀಸ್ ವಾಪಸ್ ಕೇಳ್ತಾರೆ ನೋಡ್ರಿ ಅಂತ ನಕ್ಕಿದ್ರು. ಈಗ ಅವರ ಬ್ಯಾಚಿನ ನಾಲ್ಕೈದು ಜನ ನನ್ನ ಹತ್ರಾನೇ ಇದಾರೆ, ಇರ್ಲಿ.

ಮೊದಲು ಎಲ್ಲರ ಥರ ನಾನೂ ಪುಸ್ತಕ ಮಾಡಿಸಿದ್ದೆ. ಮುನ್ನೂರು ಚಿಲ್ಲರೆ ಫ್ರೇಸಲ್ ವರ್ಬು, ಎದುರಿಗೆ ಕನ್ನಡ ಅರ್ಥ. ಪ್ರಿಂಟಿಗೆ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯ್ತು, ಅರ್ಧ ಇನ್ನೂ ಅಟ್ಟದ ಮೇಲಿವೆ. ಬಾಯಿಪಾಠ ಏನೋ ಚೆನ್ನಾಗೇ ಮಾಡ್ತಿದ್ರು, ಆದ್ರೆ ‘ಬಿಸಿನೆಸ್ ಹ್ಯಾಸ್ ಪಿಕ್ಡ್ ಅಪ್’ ಅಂದ್ರೇನಪ್ಪಾ ಅಂದ್ರೆ ಒಬ್ಬ ಎದ್ದು ನಿಂತು ‘ವ್ಯಾಪಾರಾನ ಯಾರೋ ಎತ್ಕೊಂಡು ಹೋದ್ರು ಸರ್’ ಅಂದ. ಆಮೇಲೆ ಲ್ಯಾಮಿನೇಷನ್ ಮಾಡಿಸಿದ ಕಾರ್ಡು, ಅದಕ್ಕೊಂದು ಮೂರು ಸಾವಿರ, ಅದೂ ಅಷ್ಟೇ.

ಆಮೇಲೆ ಹಿಡಿದ ದಾರಿ ಇದು. ಬೋರ್ಡ್ ಮೇಲೆ ಇಂಗ್ಲಿಷ್ ಬರೆಯೋದೇ ಇಲ್ಲ, ‘ಎತ್ತು’ ಅಂತ ಕನ್ನಡದಲ್ಲಿ ಬರೆದು ಏನೇನು ಎತ್ತಬಹುದು ಹೇಳ್ರಪ್ಪಾ ಅಂತೀನಿ. ಮಗು, ಫೋನು, ದನಿ, ಮಾತು, ಚೀಟಿ ಅಂತ ಬೋರ್ಡ್ ತುಂಬುತ್ತೆ. ಚೀಟಿ ಎತ್ತೋದಕ್ಕೂ ಮಗು ಎತ್ತೋದಕ್ಕೂ ಏನು ಸಂಬಂಧ ಅಂತ ಯಾರೂ ತಲೆ ಕೆಡಿಸ್ಕೊಂಡಿಲ್ಲ ಅಲ್ವಾ, ಹಾಗೇನೇ ಪಿಕ್ ಅಪ್ಪೂ ಅಂದ್ರೆ ಅರ್ಧ ಭಯ ಅಲ್ಲೇ ಹೋಗುತ್ತೆ. ಇದರಲ್ಲಿ ಮಗು, ಫೋನು ಎರಡಕ್ಕೆ ಪಿಕ್ ಅಪ್ ನಡೆಯುತ್ತೆ, ಮಾತು ಎತ್ತೋದಕ್ಕೆ ನಡೆಯಲ್ಲ, ಅದಕ್ಕೆ ಬ್ರಿಂಗ್ ಅಪ್. ಆಮೇಲೆ ಪಿಕ್ ಅಪ್ಪಿನ ಉಳಿದ ಅರ್ಥಗಳಿಗೆ ಒಂದೊಂದು ಕನ್ನಡ ಕ್ರಿಯಾಪದ ಕಟ್ಟಿ ಕೊಡ್ತೀನಿ: ವ್ಯಾಪಾರ ಕುದುರಿತು, ಗಾಳಿ ಜೋರಾಯ್ತು, ಶೀತ ಹತ್ತಿತು, ಭಾಷೆ ಕೇಳಿ ಕೇಳಿ ಬಂತು, ಸ್ಟ್ಯಾಂಡಿಗೆ ಹೋಗಿ ಅಕ್ಕನ್ನ ಕರ್ಕೊಂಡು ಬಂದೆ. ಎಲ್ಲ ಪಿಕ್ ಅಪ್ಪೇ.

ಜಾಸ್ತಿ ಟೈಮ್ ತಿನ್ನೋದು ಅರ್ಥ ಅಲ್ಲ, ಜಾಗ. ‘ಪಿಕ್ ಅಪ್ ದ ಫೋನ್’ ಸರಿ, ‘ಪಿಕ್ ದ ಫೋನ್ ಅಪ್’ ಕೂಡ ಸರಿ, ಆದ್ರೆ ಫೋನ್ ಬದಲು ಇಟ್ ಬಂದ್ರೆ ಅದು ನಡುವೆನೇ ಕೂರಬೇಕು, ‘ಪಿಕ್ ಅಪ್ ಇಟ್’ ಅಂದ್ರೆ ತಪ್ಪು. ನಾನು ರೂಲ್ ಹೇಳಲ್ಲ, ಒಂದೇ ಉಸಿರಲ್ಲಿ ‘ಪಿಕಿಟಪ್’ ಅನ್ನಿಸ್ತೀನಿ, ಟೇಬಲ್ ಮೇಲಿಂದ ಪೆನ್ನು ಎತ್ತುತ್ತಾ ಎತ್ತುತ್ತಾ. ಹಾಗೇ ‘ಪಿಕ್ಕೆಡ್ ಅಪ್’ ಅನ್ನೋ ಚಾಳಿ ಬಿಡಿಸಿ ‘ಪಿಕ್ಟಪ್’ ಮಾಡಿಸ್ತೀನಿ. ಬೊಲೆರೊ ಪಿಕಪ್ ಅಂದಾಗ ಒತ್ತು ‘ಪಿ’ ಮೇಲೆ, ಪಿಕಿಟಪ್ ಅಂದಾಗ ಒತ್ತು ‘ಅಪ್’ ಮೇಲೆ, ಇಷ್ಟು ಕಿವಿಗೆ ಬಿದ್ರೆ ಇಂಟರ್ವ್ಯೂನಲ್ಲಿ ಬೇರೇನೇ ಕೇಳ್ಸುತ್ತೆ. ಎರಡನೇ ವಾರ ಆಡಿಸೋ ಒಂದು ಆಟ ಇದೆ, ಅದು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ಸ್ವಾಮಿ.

ಇದೇ ಥರ ‘ಪುಟ್ ಅಪ್ ವಿತ್’ ಮೇಲೂ ಮಾಡಿ ನೋಡ್ದೆ, ಆಗ್ಲಿಲ್ಲ. ‘ಸಹಿಸ್ಕೊ’ ಅನ್ನೋದೊಂದೇ ಅರ್ಥ, ಹಿಗ್ಗಿಸಕ್ಕೆ ಏನೂ ಇಲ್ಲ, ಹತ್ತು ನಿಮಿಷಕ್ಕೆ ಮುಗಿದು ಹುಡುಗ್ರು ಗಡಿಯಾರ ನೋಡ್ತಿದ್ರು. ‘ಪಾಸ್ ಔಟ್’ ಮಾತ್ರ ಭರ್ಜರಿ ಹೋಯ್ತು. ನಮ್ಮಲ್ಲಿ ಎಲ್ಲರೂ ‘ಐ ಪಾಸ್ಡ್ ಔಟ್ ಇನ್ 2019’ ಅಂತ ರೆಸ್ಯೂಮೆಲೇ ಹಾಕಿರ್ತಾರೆ, ಅಮೆರಿಕದವರ ಕಿವಿಗೆ ಅದು 2019ರಲ್ಲಿ ತಲೆ ಸುತ್ತಿ ಬಿದ್ದೆ ಅಂತ ಕೇಳ್ಸುತ್ತೆ, ಅಲ್ಲಿ ‘ಗ್ರಾಜುಯೇಟೆಡ್’ ಅನ್ನಬೇಕು. ‘ಕೋಪ್ ವಿತ್’ (ನಿಭಾಯಿಸು) ಅನ್ನೋ ಕಡೆ ‘ಕೋಪ್ ಅಪ್ ವಿತ್’ ಅಂತಾರೆ, ಅದರಿಂದ ಅಪ್ ಕೀಳಿಸೋದು ಮಾತ್ರ ಇನ್ನೂ ನನ್ನ ಕೈಲಿ ಪೂರ್ತಿ ಆಗಿಲ್ಲ.

ದುಡ್ಡಿನ ವಿಷಯ: ಮೊದಲು ತಿಂಗಳಿಗೆ ಆರುನೂರಕ್ಕೆ ಚೌಕಾಸಿ ಮಾಡ್ತಿದ್ರು, ಈಗ ಒಂಬೈನೂರು ಅಂದ್ರೂ ಸಂಜೆ ಬ್ಯಾಚ್ ಫುಲ್. ಖರ್ಚು ಅಂದ್ರೆ ಸೀಮೆಸುಣ್ಣ, ಟೀ. ಮುಂದಿನ ತಿಂಗಳಿಂದ ‘ಟೇಕ್ ಆಫ್’ ಶುರು ಮಾಡ್ತಿದೀನಿ, ವಿಮಾನ ಹಾರೋದು, ಶರ್ಟು ಬಿಚ್ಚೋದು, ರಜೆ ಹಾಕೋದು ಮೂರೂ ಒಂದೇ ಬೋರ್ಡ್ ಮೇಲೆ ಬರುತ್ತೆ.