ಎಕ್ಸೆಲ್‌ಗೆ ನಿಮ್ಮದೇ ಒಂದು ಬಟನ್: ಆಡ್-ಇನ್ ರೂಪಿಸುವುದು ಹೇಗೆ?

ವೆಬ್ ಪುಟದಿಂದಲೋ ಬೇರೊಂದು ತಂತ್ರಾಂಶದಿಂದಲೋ ನಕಲಿಸಿ ತಂದ ಹೆಸರುಗಳ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಅಂಟಿಕೊಂಡು ಬಂದಿರುವುದು ಸಾಮಾನ್ಯ. ನೋಡಲು ಒಂದೇ ತೆರನಾಗಿರುವ ಎರಡು ಹೆಸರುಗಳನ್ನು ಎಕ್ಸೆಲ್ ಬೇರೆ ಬೇರೆ ಎಂದೇ ಎಣಿಸುತ್ತದೆ. ವಿ-ಲುಕಪ್ ಸೂತ್ರ ಹುಡುಕಿದ್ದು ಸಿಗಲಿಲ್ಲ ಎಂದು ಕೈಚೆಲ್ಲುತ್ತದೆ. ಟ್ರಿಮ್ ಎಂಬ ಸಿದ್ಧ ಸೂತ್ರವಿದೆಯಾದರೂ ಅದು ತೆಗೆಯುವುದು 32ನೇ ಸಂಕೇತದ ಮಾಮೂಲಿ ಸ್ಪೇಸನ್ನು ಮಾತ್ರ. ವೆಬ್ ಪುಟಗಳಲ್ಲಿ ಹೇರಳವಾಗಿರುವ 160ನೇ ಸಂಕೇತದ ‘ಮುರಿಯದ ಸ್ಪೇಸ್’ ಇದ್ದಲ್ಲೇ ಉಳಿಯುತ್ತದೆ. ಆಯ್ದ ಸೆಲ್‌ಗಳಿಂದ ಇವೆರಡನ್ನೂ ಒಂದೇ ಕ್ಲಿಕ್ಕಿಗೆ ತೆಗೆದುಹಾಕುವ ಬಟನ್ ಒಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ಆಡ್-ಇನ್ (ಎಕ್ಸೆಲ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ) ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಜಾವಾಸ್ಕ್ರಿಪ್ಟ್‌ನ ಪ್ರಾಥಮಿಕ ಪರಿಚಯವಿದ್ದರೆ ಸಾಕು.

ಮೊದಲು ದಾರಿ ನಿರ್ಧರಿಸಿ

ಎಕ್ಸೆಲ್‌ನಲ್ಲಿ ಸ್ವಂತ ಕೋಡ್ ಬರೆಯುವ ಹಳೆಯ ದಾರಿ ವಿಬಿಎ ಮ್ಯಾಕ್ರೋ, ಅಂದರೆ ಆಫೀಸ್‌ನೊಳಗಿನ ವಿಬಿಎ ಭಾಷೆಯಲ್ಲಿ ಬರೆದ ಕಿರು ಪ್ರೋಗ್ರಾಂ. 1993ರ ಎಕ್ಸೆಲ್ 5ರಿಂದಲೂ ಅದು ಬಳಕೆಯಲ್ಲಿದೆ. ನಿಮ್ಮ ಒಂದು ಕಂಪ್ಯೂಟರಿಗೆ, ನಿಮ್ಮೊಬ್ಬರ ಕೆಲಸಕ್ಕೆ ಮಾತ್ರ ಬಟನ್ ಬೇಕಿದ್ದರೆ ಮ್ಯಾಕ್ರೋ ಧಾರಾಳವಾಗಿ ಸಾಕು, ಮುಂದಿನ ಶ್ರಮವೆಲ್ಲ ಅನಗತ್ಯ. ಆದರೆ ಅದು ಬ್ರೌಸರಿನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ ಓಡುವುದಿಲ್ಲ. ಶೀಟನ್ನು ಬದಲಿಸಿದ ಮ್ಯಾಕ್ರೋ ‘ಅನ್‌ಡೂ’ ಪಟ್ಟಿಯನ್ನು ಅಳಿಸಿಹಾಕುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ಕಡತಗಳಲ್ಲಿನ ಮ್ಯಾಕ್ರೋಗಳನ್ನು 2022ರಿಂದ ಆಫೀಸ್ ತಾನಾಗಿಯೇ ತಡೆಹಿಡಿಯುತ್ತಿದೆ. ಎರಡನೆಯ ದಾರಿಯಾದ, ವಿಂಡೋಸ್‌ನ ಕಾಮ್ ತಂತ್ರಜ್ಞಾನದ ಮೇಲೆ ನಿಂತ ಕಾಮ್ ಆಡ್-ಇನ್ ಶಕ್ತಿಶಾಲಿಯಾದರೂ ವಿಂಡೋಸ್‌ಗೆ ಮಾತ್ರ ಸೀಮಿತ. ನಾಲ್ಕಾರು ಜನರಿಗೆ, ಅದರಲ್ಲೂ ಬೇರೆ ಬೇರೆ ಬಗೆಯ ಯಂತ್ರಗಳಲ್ಲಿ ಕೆಲಸ ಮಾಡುವವರಿಗೆ ಕೊಡಬೇಕಾದಾಗ, ಆಫೀಸ್ 2013ರೊಂದಿಗೆ ಬಂದ ವೆಬ್ ಆಧಾರಿತ ಆಡ್-ಇನ್ ಸೂಕ್ತ. ಒಮ್ಮೆ ಬರೆದ ಕೋಡ್ ವಿಂಡೋಸ್, ಮ್ಯಾಕ್, ಐಪ್ಯಾಡ್ ಮತ್ತು ಬ್ರೌಸರ್ ನಾಲ್ಕರಲ್ಲೂ ನಡೆಯುತ್ತದೆ. ಗೂಗಲ್ ಶೀಟ್ಸ್ ಬಳಸುವವರು ಆಪ್ಸ್ ಸ್ಕ್ರಿಪ್ಟ್ ಮೊರೆಹೋಗಬೇಕು. ಲಿಬ್ರೆಆಫೀಸ್‌ನಲ್ಲಿ ಪೈಥಾನ್‌ನಲ್ಲಿಯೂ ವಿಸ್ತರಣೆ ಬರೆಯಬಹುದು. ಈ ಲೇಖನ ಅವುಗಳತ್ತ ಹೋಗುವುದಿಲ್ಲ.

ಸಾಮಗ್ರಿ ಜೋಡಿಸಿಕೊಳ್ಳಿ

ವೆಬ್ ಆಡ್-ಇನ್ ಎಂದರೆ ವಾಸ್ತವದಲ್ಲಿ ಎರಡೇ ವಸ್ತುಗಳು: ಎಲ್ಲೋ ಒಂದು ಸರ್ವರ್‌ನಲ್ಲಿರುವ ವೆಬ್ ಪುಟ, ಮತ್ತು ಆ ಪುಟದ ವಿಳಾಸವನ್ನು ಎಕ್ಸೆಲ್‌ಗೆ ತಿಳಿಸುವ ಮ್ಯಾನಿಫೆಸ್ಟ್ ಎಂಬ ಪುಟ್ಟ ಕಡತ. ಮ್ಯಾನಿಫೆಸ್ಟ್‌ನಲ್ಲಿ ಕೋಡ್ ಇರುವುದಿಲ್ಲ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಂಡರೆ ಮುಂದೆ ಹಂಚಿಕೆಯ ಹಂತದಲ್ಲಿ ಗೊಂದಲವಾಗದು.

ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನ ದೀರ್ಘಕಾಲೀನ ಬೆಂಬಲವುಳ್ಳ ಆವೃತ್ತಿಯನ್ನು, ಜೊತೆಗೆ ವಿಶುವಲ್ ಸ್ಟುಡಿಯೋ ಕೋಡ್‌ನಂಥ ಒಂದು ಎಡಿಟರನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ಬಳಿಕ ನೋಡ್‌ನ ಜೊತೆಗೇ ಬರುವ ಎನ್‌ಪಿಎಂ ಎಂಬ ಇನ್‌ಸ್ಟಾಲ್ ಸಾಧನದ ಮೂಲಕ, ಪ್ರಾಜೆಕ್ಟ್‌ನ ಮಾದರಿ ಕಡತಗಳನ್ನು ಸೃಷ್ಟಿಸುವ ಯೋಮನ್ ಹಾಗೂ ಅದರ ಆಫೀಸ್ ಜನರೇಟರನ್ನು ಹಾಕಿಕೊಂಡು ‘ಯೋ ಆಫೀಸ್’ ಆದೇಶ ಕೊಟ್ಟರೆ ಅದು ಕೆಲವು ಪ್ರಶ್ನೆ ಕೇಳುತ್ತದೆ. ಪ್ರಾಜೆಕ್ಟ್ ಬಗೆಗೆ ಟಾಸ್ಕ್ ಪೇನ್ (ಶೀಟಿನ ಪಕ್ಕದಲ್ಲಿ ತೆರೆಯುವ ಫಲಕ), ಭಾಷೆಗೆ ಜಾವಾಸ್ಕ್ರಿಪ್ಟ್, ತಂತ್ರಾಂಶಕ್ಕೆ ಎಕ್ಸೆಲ್ ಎಂದು ಉತ್ತರಿಸಿ. ಅದು ಸೃಷ್ಟಿಸುವ ಕಡತಗಳ ರಾಶಿ ನೋಡಿ ಗಾಬರಿಯಾಗಬೇಡಿ. ನಮಗೆ ಬೇಕಾದದ್ದು ಮ್ಯಾನಿಫೆಸ್ಟ್, ಟಾಸ್ಕ್ ಪೇನ್‌ನ ಎಚ್‌ಟಿಎಂಎಲ್ ಪುಟ ಮತ್ತು ಅದರ ಜಾವಾಸ್ಕ್ರಿಪ್ಟ್ ಕಡತ, ಈ ಮೂರು ಮಾತ್ರ.

‘ಎನ್‌ಪಿಎಂ ಸ್ಟಾರ್ಟ್’ ಎಂದೊಡನೆ ನಿಮ್ಮ ಕಂಪ್ಯೂಟರಿನಲ್ಲೇ 3000ನೇ ಪೋರ್ಟಿನಲ್ಲಿ ಸರ್ವರ್ ಎದ್ದು, ಎಕ್ಸೆಲ್ ತೆರೆದು, ಮೇಲಿನ ಬಟನ್‌ಗಳ ಪಟ್ಟಿಯಾದ ರಿಬ್ಬನ್‌ನಲ್ಲಿ ಹೊಸ ಬಟನ್ ಕಾಣಿಸಿಕೊಳ್ಳುತ್ತದೆ. ಮೊದಲ ಬಾರಿ ಭದ್ರತಾ ಪ್ರಮಾಣಪತ್ರವನ್ನು ಸ್ಥಾಪಿಸಲು ಅನುಮತಿ ಕೇಳುತ್ತದೆ. ಅದನ್ನು ನಿರಾಕರಿಸಿದರೆ ಪೇನ್ ತೆರೆಯುವುದಿಲ್ಲ. ಮ್ಯಾನಿಫೆಸ್ಟ್ ತಿದ್ದಿದ ಮೇಲೂ ಹಳೆಯ ಬಟನ್ನೇ ಕಾಣುತ್ತಿದ್ದರೆ ಆಫೀಸ್‌ನ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಹಳೆಯ ಪ್ರತಿ) ಅಳಿಸಿ ನೋಡಿ. ಹೆಚ್ಚಿನ ಪಾಲು ದೋಷ ಅಲ್ಲಿಯೇ ಇರುತ್ತದೆ.

ಮ್ಯಾನಿಫೆಸ್ಟ್‌ನಲ್ಲಿ ಆಡ್-ಇನ್‌ನ ಹೆಸರು, ಆವೃತ್ತಿ ಸಂಖ್ಯೆ ಮತ್ತು ಬಟನ್ನಿನ ಮೇಲಿನ ಬರಹವನ್ನು ಬದಲಿಸಿಕೊಳ್ಳಿ. ಬಟನ್ನಿಗೆ 16, 32 ಮತ್ತು 80 ಪಿಕ್ಸೆಲ್ ಅಳತೆಯ ಮೂರು ಚಿತ್ರಗಳು ಕಡ್ಡಾಯ. ದಾಖಲೆಯನ್ನು ಓದುವ ಹಾಗೂ ಬರೆಯುವ ಅನುಮತಿ ಮಾದರಿಯಲ್ಲೇ ಇರುತ್ತದೆ, ನಮ್ಮ ಕೆಲಸಕ್ಕೆ ಅದು ಬೇಕು.

ಕೋಡ್: ಓದುವುದು, ಕಾಯುವುದು, ಬರೆಯುವುದು

ಆಡ್-ಇನ್‌ನ ಕೋಡ್ ಎಕ್ಸೆಲ್‌ನ ಒಳಗೆ ಓಡುವುದಿಲ್ಲ. ಅದು ಬ್ರೌಸರ್ ಚೌಕಟ್ಟಿನಲ್ಲಿ ಕುಳಿತು ಎಕ್ಸೆಲ್‌ಗೆ ಕೋರಿಕೆ ಕಳಿಸುತ್ತದೆ. ‘ಎಕ್ಸೆಲ್.ರನ್’ ಒಳಗೆ ನೀವು ಒಂದು ರೇಂಜ್ (ಸೆಲ್‌ಗಳ ಗುಂಪು) ಪಡೆದಾಗ ಕೈಗೆ ಬರುವುದು ನಿಜವಾದ ಸೆಲ್‌ಗಳಲ್ಲ, ಅವುಗಳ ಪ್ರತಿನಿಧಿ ಮಾತ್ರ. ಯಾವ ವಿವರ ಬೇಕೆಂದು ‘ಲೋಡ್’ ಮೂಲಕ ಹೇಳಿ, ‘ಕಾಂಟೆಕ್ಸ್ಟ್.ಸಿಂಕ್’ ಮಾಡಿ, ಅದು ಮುಗಿಯುವವರೆಗೆ ‘ಅವೈಟ್’ ಎಂದು ಕಾದ ನಂತರವೇ ಮೌಲ್ಯಗಳು ದೊರೆಯುತ್ತವೆ. ಹೊಸಬರು ಪ್ರತಿ ಸೆಲ್‌ಗೂ ಒಂದೊಂದು ಸಿಂಕ್ ಇಟ್ಟು, ಕೆಲವೇ ಸಾವಿರ ಸಾಲುಗಳಿಗೆ ಆಡ್-ಇನ್ ತೆವಳತೊಡಗಿದಾಗ ಕಂಪ್ಯೂಟರನ್ನು ದೂರುವುದುಂಟು. ಎಲ್ಲವನ್ನೂ ಒಂದು ಸಿಂಕ್‌ನಲ್ಲಿ ಓದಿ, ಜಾವಾಸ್ಕ್ರಿಪ್ಟ್‌ನ ಅರೇಯಲ್ಲಿ ತಿದ್ದಿ, ಇನ್ನೊಂದು ಸಿಂಕ್‌ನಲ್ಲಿ ಬರೆಯುವುದು ಸರಿಯಾದ ಕ್ರಮ.

ಖಾಲಿ ಜಾಗ ತೆಗೆಯುವುದು ಸುಲಭ. ಜಾವಾಸ್ಕ್ರಿಪ್ಟ್‌ನ ‘ಟ್ರಿಮ್’ ಎಕ್ಸೆಲ್‌ನದಕ್ಕಿಂತ ಚುರುಕು, 160ನೇ ಸಂಕೇತವನ್ನೂ ಬಿಡುವುದಿಲ್ಲ. ಕಷ್ಟವಿರುವುದು ಮುಟ್ಟಬಾರದ್ದನ್ನು ಮುಟ್ಟದೆ ಬಿಡುವುದರಲ್ಲಿ.

ಬಳಕೆದಾರರು ಸಾಮಾನ್ಯವಾಗಿ ಇಡೀ ಕಾಲಂ ಆಯ್ದುಕೊಳ್ಳುತ್ತಾರೆ. ಒಂದು ಕಾಲಂನಲ್ಲಿ 10,48,576 ಸೆಲ್‌ಗಳಿರುತ್ತವೆ. ಹೀಗೆ ಎಲ್ಲೆಯಿಲ್ಲದ ರೇಂಜಿನ ಮೌಲ್ಯ ಕೇಳಿದರೆ ಎಕ್ಸೆಲ್ ‘ನಲ್’ ಎಂದು ಉತ್ತರಿಸುತ್ತದೆ. ಆದ್ದರಿಂದ ‘ಗೆಟ್‌ಸೆಲೆಕ್ಟೆಡ್‌ರೇಂಜ್’ ಕೊಟ್ಟಿದ್ದನ್ನು ನೇರವಾಗಿ ಬಳಸದೆ, ಅದರ ಮೇಲೆ ‘ಗೆಟ್‌ಯೂಸ್ಡ್‌ರೇಂಜ್‌ಆರ್‌ನಲ್‌ಆಬ್ಜೆಕ್ಟ್’ ಕರೆದು, ನಿಜವಾಗಿ ತುಂಬಿರುವ ಭಾಗವನ್ನಷ್ಟೇ ಪಡೆಯಿರಿ. ಆಯ್ಕೆಯಲ್ಲಿ ಏನೂ ಇಲ್ಲದಿದ್ದರೆ ‘ಈಸ್‌ನಲ್‌ಆಬ್ಜೆಕ್ಟ್’ ಅದನ್ನು ತಿಳಿಸುತ್ತದೆ. ಕಂಟ್ರೋಲ್ ಕೀ ಒತ್ತಿ ಅಲ್ಲಲ್ಲಿ ಚದುರಿದ ಭಾಗಗಳನ್ನು ಆಯ್ದಿದ್ದರೆ ‘ಗೆಟ್‌ಸೆಲೆಕ್ಟೆಡ್‌ರೇಂಜ್’ ದೋಷ ಎಸೆಯುತ್ತದೆ. ಅದನ್ನು ಹಿಡಿದು, ಒಂದೇ ಭಾಗವನ್ನು ಆಯ್ಕೆ ಮಾಡಿ ಎಂದು ಪೇನ್‌ನಲ್ಲಿ ತಿಳಿಸಿದರೆ ಮೊದಲ ಆವೃತ್ತಿಗೆ ಸಾಕು.

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರವಾದುದು. ‘ವ್ಯಾಲ್ಯೂಸ್’ ಓದಿ, ತಿದ್ದಿ, ಅದನ್ನೇ ಮರಳಿ ಬರೆದರೆ ಆ ಭಾಗದ ಸೂತ್ರಗಳೆಲ್ಲ ಅಳಿದು ಅವುಗಳ ಆ ಕ್ಷಣದ ಉತ್ತರಗಳು ಮಾತ್ರ ಉಳಿಯುತ್ತವೆ. ಶೀಟ್ ನೋಡಲು ಮೊದಲಿನಂತೆಯೇ ಇರುವುದರಿಂದ ಬಹಳ ದಿನ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕಾಗಿ ‘ಫಾರ್ಮುಲಾಸ್’ ಲೋಡ್ ಮಾಡಿ. ಸೂತ್ರವಿರುವ ಸೆಲ್‌ಗೆ ಅದು ಸಮ ಚಿಹ್ನೆಯಿಂದ ಆರಂಭವಾಗುವ ಸೂತ್ರವನ್ನೂ, ಉಳಿದವಕ್ಕೆ ಮೌಲ್ಯವನ್ನೂ ಕೊಡುತ್ತದೆ. ಬಳಿಕ ಅಷ್ಟೇ ಅಳತೆಯ ಹೊಸ ಅರೇ ಕಟ್ಟಿ, ಬದಲಾಗಬೇಕಾದ ಸೆಲ್‌ಗೆ ಮಾತ್ರ ಹೊಸ ಪಠ್ಯವನ್ನೂ ಉಳಿದೆಲ್ಲಕ್ಕೂ ‘ನಲ್’ ಅನ್ನೂ ಇಡಿ. ಎರಡು ಆಯಾಮದ ಅರೇಯಲ್ಲಿ ನಲ್ ಎಂದರೆ ‘ಈ ಸೆಲ್ ಇದ್ದಂತೆಯೇ ಇರಲಿ’ ಎಂದು ಎಕ್ಸೆಲ್ ತಿಳಿಯುತ್ತದೆ. ನನ್ನ ಮಟ್ಟಿಗೆ ಎಕ್ಸೆಲ್‌ನ ಈ ಇಡೀ ಜಾವಾಸ್ಕ್ರಿಪ್ಟ್ ಲೈಬ್ರರಿಯ ಅತ್ಯುಪಯುಕ್ತ ಸೌಲಭ್ಯವಿದು.

ಮುಂದಿನದು ಸೊನ್ನೆಗಳ ಪ್ರಶ್ನೆ. ‘00457’ ಎಂಬ ಸಂಕೇತ ಸಂಖ್ಯೆಯ ಕೊನೆಗೆ ಸ್ಪೇಸ್ ಇದೆ ಎನ್ನೋಣ. 160ನೇ ಸಂಕೇತದ ಆ ಸ್ಪೇಸ್ ಇರುವಷ್ಟು ಹೊತ್ತು ಅದು ಪಠ್ಯ. ಸ್ಪೇಸ್ ತೆಗೆದು ಬರೆದ ಕೂಡಲೇ, ಕೀಲಿಮಣೆಯಲ್ಲಿ ಟೈಪ್ ಮಾಡಿದಾಗ ಆಗುವಂತೆಯೇ, ಎಕ್ಸೆಲ್ ಅದನ್ನು 457 ಎಂಬ ಅಂಕಿಯಾಗಿಸುತ್ತದೆ. ‘3-4’ ಎಂಬುದು ದಿನಾಂಕವಾಗಿಬಿಡಬಹುದು. ಹೀಗಾಗಿ ಪಠ್ಯ ಬರೆಯುವ ಮೊದಲು, ಬದಲಾಗಲಿರುವ ಸೆಲ್‌ಗಳ ನಂಬರ್ ಫಾರ್ಮ್ಯಾಟನ್ನು ‘@’ ಚಿಹ್ನೆಗೆ, ಅಂದರೆ ಪಠ್ಯಕ್ಕೆ ಬದಲಿಸಿ. ಇಲ್ಲಿಯೂ ಮುಟ್ಟದ ಸೆಲ್‌ಗಳಿಗೆ ನಲ್ ಇಡಬಹುದು. ಇದಕ್ಕೊಂದು ಬೆಲೆ ಇದೆ: ಮುಂದೆ ಆ ಸೆಲ್‌ಗಳಲ್ಲಿ ಯಾರಾದರೂ ಸೂತ್ರ ಟೈಪ್ ಮಾಡಿದರೆ ಅದು ಲೆಕ್ಕ ಮಾಡದೆ ಅಕ್ಷರಗಳಾಗಿಯೇ ಉಳಿಯುತ್ತದೆ. ಸೊನ್ನೆ ಕಳೆದುಕೊಳ್ಳುವುದಕ್ಕಿಂತ ಇದು ವಾಸಿ. ಸ್ಪೇಸ್ ತೆಗೆದ ಮೇಲೆ ಸಮ ಚಿಹ್ನೆಯಿಂದ ಆರಂಭವಾಗುವ ಪಠ್ಯವಿದ್ದರೆ ಅದು ಸೂತ್ರವಾಗಿ ಜೀವ ತಳೆಯುವ ಸಂಭವವಿರುವುದರಿಂದ, ಅಂಥದ್ದನ್ನು ಬದಲಿಸದೆ ಪೇನ್‌ನಲ್ಲಿ ಪಟ್ಟಿ ಮಾಡಿ ತೋರಿಸಿ.

ಬಟನ್ ಒತ್ತುವವರಿಗೆ ಏನು ಕಾಣಬೇಕು?

ಪೇನ್‌ನಲ್ಲಿ ಒಂದರ ಬದಲು ಎರಡು ಬಟನ್ ಇಡುವುದು ಲೇಸು: ಮೊದಲನೆಯದು ಎಷ್ಟು ಸೆಲ್‌ಗಳು ಬದಲಾಗಲಿವೆ ಎಂದು ಎಣಿಸಿ ಹೇಳಲಿ, ಎರಡನೆಯದು ಬದಲಿಸಲಿ. ರಕ್ಷಿಸಲ್ಪಟ್ಟ ಶೀಟ್‌ನಲ್ಲಿ ಬರೆಯಲು ಹೋದರೆ ದೋಷ ಬರುತ್ತದೆ. ಎಕ್ಸೆಲ್ ಕೊಡುವ ದೋಷಸಂಕೇತವನ್ನು ಹಾಗೆಯೇ ಮುಖಕ್ಕೆ ಹಿಡಿಯದೆ, ಶೀಟಿನ ರಕ್ಷಣೆ ತೆಗೆದು ಮತ್ತೆ ಪ್ರಯತ್ನಿಸಿ ಎಂದು ಸರಳವಾಗಿ ತಿಳಿಸಿ. ಬ್ರೌಸರಿನ ಎಕ್ಸೆಲ್‌ನಲ್ಲಿ ಒಂದು ಕೋರಿಕೆಯ ಗಾತ್ರಕ್ಕೆ 5 ಎಂಬಿ ಮಿತಿಯಿರುವುದರಿಂದ, ದೊಡ್ಡ ಶೀಟ್‌ಗಳನ್ನು ಕೆಲವು ಸಾವಿರ ಸಾಲುಗಳ ತುಂಡುಗಳಾಗಿ ಓದಿ ಬರೆಯಬೇಕಾಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಸಲೀಸಾಗಿ ನಡೆದದ್ದು ಬ್ರೌಸರಿನಲ್ಲಿ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ, ಎರಡರಲ್ಲೂ ಪರೀಕ್ಷಿಸಿ.

ಪರೀಕ್ಷೆಗಾಗಿ ಒಂದು ಕೊಳಕು ಶೀಟನ್ನು ಉದ್ದೇಶಪೂರ್ವಕವಾಗಿ ತಯಾರಿಸಿ ಇಟ್ಟುಕೊಳ್ಳಿ. ಸೂತ್ರಗಳು, ಸೊನ್ನೆಯಿಂದ ಆರಂಭವಾಗುವ ಸಂಖ್ಯೆಗಳು, ವಿಲೀನಗೊಂಡ ಸೆಲ್‌ಗಳು, ಬರೀ ಸ್ಪೇಸ್ ಇರುವ ಸೆಲ್, ಪೂರ್ತಿ ಖಾಲಿ ಕಾಲಂ ಎಲ್ಲವೂ ಅದರಲ್ಲಿರಲಿ. ಕೋಡ್‌ನಲ್ಲಿ ಒಂದು ಸಾಲು ಬದಲಾದರೂ ಮೊದಲು ಅದರ ಮೇಲೆ ಓಡಿಸಿ ನೋಡಬೇಕು.

ಇತರರಿಗೆ ತಲುಪಿಸುವುದು

ನಿಮ್ಮ ಕಂಪ್ಯೂಟರಿನ 3000ನೇ ಪೋರ್ಟು ಬೇರೆಯವರಿಗೆ ಸಿಗುವುದಿಲ್ಲ. ಆದ್ದರಿಂದ ವೆಬ್ ಕಡತಗಳನ್ನು ಎಚ್‌ಟಿಟಿಪಿಎಸ್ ಇರುವ ಸರ್ವರ್‌ಗೆ ಏರಿಸಬೇಕು. ಕಡತಗಳನ್ನು ಒಟ್ಟುಗೂಡಿಸಿಕೊಡುವ ವೆಬ್‌ಪ್ಯಾಕ್ ಸಾಧನದ ಸಂರಚನೆಯ ಕಡತದಲ್ಲಿ ಅಂತಿಮ ವಿಳಾಸಕ್ಕೆಂದೇ ಒಂದು ಸ್ಥಾನವಿದೆ. ಅಲ್ಲಿ ನಿಮ್ಮ ಸರ್ವರ್‌ನ ವಿಳಾಸ ತುಂಬಿ ‘ಎನ್‌ಪಿಎಂ ರನ್ ಬಿಲ್ಡ್’ ಕೊಟ್ಟರೆ ಮ್ಯಾನಿಫೆಸ್ಟ್‌ನ ವಿಳಾಸಗಳೂ ತಾವಾಗಿ ಬದಲಾಗಿ, ಏರಿಸಬೇಕಾದ ಕಡತಗಳು ‘ಡಿಸ್ಟ್’ ಫೋಲ್ಡರಿನಲ್ಲಿ ಸಿದ್ಧವಾಗುತ್ತವೆ. ‘ಎನ್‌ಪಿಎಂ ರನ್ ವ್ಯಾಲಿಡೇಟ್’ ಮ್ಯಾನಿಫೆಸ್ಟ್‌ನ ತಪ್ಪುಗಳನ್ನು ಹಿಡಿದುಕೊಡುತ್ತದೆ.

ಸಂಸ್ಥೆಯೊಳಗಿನ ಬಳಕೆಗಾದರೆ ಮ್ಯಾನಿಫೆಸ್ಟನ್ನು ಮೈಕ್ರೋಸಾಫ್ಟ್ 365 ನಿರ್ವಾಹಕರಿಗೆ ಕೊಡಿ. ಅವರು ಅದನ್ನು ತಮ್ಮ ಅಡ್ಮಿನ್ ಸೆಂಟರ್‌ನಿಂದ ಆಯ್ದ ಬಳಕೆದಾರರಿಗೆ ಹಂಚಬಲ್ಲರು. ಹಂಚಿದ ಆಡ್-ಇನ್ ಎಲ್ಲರ ರಿಬ್ಬನ್‌ನಲ್ಲಿ ಕಾಣಿಸಲು 24 ಗಂಟೆಯವರೆಗೂ ಹಿಡಿಯಬಹುದು, ಹಾಗಾಗಿ ಕೂಡಲೇ ಬರಲಿಲ್ಲವೆಂದು ಮತ್ತೆ ಮತ್ತೆ ಹಾಕುತ್ತ ಕೂರಬೇಡಿ. ಸಾರ್ವಜನಿಕರಿಗೆ ಒದಗಿಸಬೇಕಿದ್ದರೆ ಮೈಕ್ರೋಸಾಫ್ಟ್‌ನ ಮಾರುಕಟ್ಟೆಗೆ ಸಲ್ಲಿಸಿ ಅವರ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು.

ಮುಂದೆ ಕೋಡ್‌ನಲ್ಲಿ ದೋಷ ತಿದ್ದಿದಾಗ ಸರ್ವರ್‌ನಲ್ಲಿರುವ ಕಡತಗಳನ್ನು ಬದಲಿಸಿದರೆ ಸಾಕು, ಪೇನ್ ಹೊಸದಾಗಿ ತೆರೆದವರಿಗೆಲ್ಲ ಅದು ಸಿಗುತ್ತದೆ. ಹೊಸ ಬಟನ್ ಸೇರಿಸಿದಾಗ ಅಥವಾ ಹೆಚ್ಚಿನ ಅನುಮತಿ ಕೇಳುವಾಗ ಮಾತ್ರ ಮ್ಯಾನಿಫೆಸ್ಟ್‌ನ ಆವೃತ್ತಿ ಸಂಖ್ಯೆ ಏರಿಸಿ ನಿರ್ವಾಹಕರಿಗೆ ಮತ್ತೆ ಕೊಡಬೇಕಾಗುತ್ತದೆ. ಆಗ ಗುರುತಿನ ಸಂಖ್ಯೆಯನ್ನು, ಅಂದರೆ ಐಡಿಯನ್ನು ಬದಲಿಸಬೇಡಿ. ಬದಲಿಸಿದರೆ ಎಕ್ಸೆಲ್ ಅದನ್ನು ಬೇರೊಂದು ಆಡ್-ಇನ್ ಎಂದು ಭಾವಿಸಿ, ಬಳಕೆದಾರರ ರಿಬ್ಬನ್‌ನಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಕೂರಿಸುತ್ತದೆ.