ಪಬ್ಬಿಗೂ ಹೋಗಿ, ಬಿಯರ್ ಅಂಗಡಿಗೂ ಹೋಗಿ: ಇಂಗ್ಲೆಂಡಿನ ಕೆಂಟ್‌ಗೆ ಹೊಸದಾಗಿ ಬಂದಿರೋ ನಮ್ಮೋರಿಗೆ

ಇ-ವೀಸಾ ಅಕೌಂಟು, ಎನ್‌ಐ ನಂಬರು (ಕೆಲಸಕ್ಕೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ನಂಬರು), ಜಿಪಿ ಅಂದ್ರೆ ಊರಿನ ಡಾಕ್ಟರ ಹತ್ರ ರಿಜಿಸ್ಟ್ರೇಷನ್, ಕೌನ್ಸಿಲ್ ಟ್ಯಾಕ್ಸು, ಇವೆಲ್ಲಾ ಬಂದ ಎರಡು ವಾರದಲ್ಲಿ ಮುಗಿಸ್ಕೊಳ್ಳಿ, ಸರ್ಕಾರದ ವೆಬ್‌ಸೈಟಲ್ಲಿ ಎಲ್ಲಾ ಇದೆ. ವೋಟರ್ ಲಿಸ್ಟಿಗೆ ಮಾತ್ರ ಮರೀದೆ ಹೆಸರು ಸೇರಿಸಿ, ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ಕಾಮನ್‌ವೆಲ್ತ್ ದೇಶದೋರು ಅಂತ ನಮಗೆ ಇಲ್ಲಿ ವೋಟು ಇದೆ. ಅದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅನ್ನೋದಕ್ಕೆ ಆಮೇಲೆ ಬರ್ತೀನಿ. ನಾನು ಬರಿಯಕ್ಕೆ ಕೂತಿರೋದು ಪಬ್ಬಿನ ವಿಷಯ.

ನಾವು ಬಂದಿದ್ದು 2006ರಲ್ಲಿ. ನಾನು ಅರಸೀಕೆರೆ ಕಡೆಯೋಳು. ನಮ್ಮೂರಲ್ಲಿ ಬಾರ್ ಅಂದ್ರೆ ನಿಮಗೇ ಗೊತ್ತಲ್ಲ, ಗಾಜಿಗೆ ಕಪ್ಪು ಫಿಲಂ, ಒಳಗೆ ಕತ್ತಲೆ, ಪಾರ್ಸಲ್ ತಗೊಂಡೋರು ಬಾಟ್ಲಿನ ಪೇಪರಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸ್ಕೊಂಡು ಹೋಗೋರು, ಅದರ ಮುಂದೆ ಹಾಯಬೇಕಾದ್ರೆ ಅಮ್ಮ ನನ್ನ ಕೈ ಎಳ್ಕೊಂಡು ರಸ್ತೆ ಆ ಕಡೆಗೆ ದಾಟಿಬಿಡೋರು. ಆ ಅಮ್ಮನ ಕೈಯನ್ನ ನಾನು ಇಲ್ಲಿ ತನಕ ತಂದಿದ್ದೆ. ನಮ್ಮೆಜಮಾನ್ರ ಆಫೀಸಲ್ಲಿ ಯಾರೋ ಕೆಲಸ ಬಿಟ್ಟು ಹೋಗ್ತಿದ್ರು, ಎಲ್ಲರೂ ಫ್ಯಾಮಿಲಿ ಸಮೇತ ಪಬ್ಬಿಗೆ ಬನ್ನಿ ಅಂದಿದ್ರು. ನಾನು ಮಗಳನ್ನ ತೊಡೆ ಮೇಲೆ ಹಾಕ್ಕೊಂಡು ಕಾರಲ್ಲೇ ಕೂತಿದ್ದೆ, ಮುಕ್ಕಾಲು ಗಂಟೆ, ಹೊರಗೆ ಜಿನುಗು ಮಳೆ. ಪಬ್ಬಿನ ಕಿಟಕಿ ಪೂರ್ತಿ ತಿಳಿ ಗಾಜು. ಒಳಗೆ ಒಬ್ಬರು ಅಜ್ಜಿ ಉಲ್ಲನ್ ಹೆಣೀತಾ ಕೂತಿದ್ರು, ಅವರ ಕಾಲ ಹತ್ರ ನಾಯಿ ಮಲಗಿತ್ತು, ಪಕ್ಕದ ಟೇಬಲಲ್ಲಿ ಒಂದು ಮಗು ಕ್ರೇಯಾನಲ್ಲಿ ಬಣ್ಣ ತುಂಬ್ತಿತ್ತು. ಇಷ್ಟೆಲ್ಲಾ ಕಣ್ಣಾರೆ ನೋಡಿಯೂ ನಾನು ಇಳೀಲಿಲ್ಲ. ಆಮೇಲೂ ಆರು ವರ್ಷ ಒಳಗೆ ಕಾಲಿಡಲಿಲ್ಲ. ನೀವು ಹಾಗೆ ಮಾಡ್ಬೇಡಿ. ಕುಡೀಲೇಬೇಕು ಅಂತ ಯಾರೂ ಅನ್ನಲ್ಲ, ಲೈಮ್ ಸೋಡಾ ಕೇಳಿ ಕೊಡ್ತಾರೆ, ಯಾರೂ ತಿರುಗಿ ನೋಡಲ್ಲ.

ಒಳಗೆ ಹೋದ್ಮೇಲೆ ಮಾಡಿದ ತಪ್ಪುಗಳು ಇನ್ನೊಂದು ರಾಶಿ. ಮೊದಲ ಸಲ ಟೇಬಲ್ಲಿಗೆ ಹೋಗಿ ಕೂತು ಮಾಣಿ ಬರ್ತಾನೆ ಅಂತ ಕಾದ್ವಿ, ಯಾರೂ ಬರಲಿಲ್ಲ, ನಮ್ಮ ಬಣ್ಣ ನೋಡಿ ಹೀಗೆ ಮಾಡ್ತಿದಾರೆ ಅನ್ಕೊಂಡು ಸಿಟ್ಟಲ್ಲಿ ಎದ್ದು ಬಂದ್ವಿ. ಕೌಂಟರ್‌ಗೆ ನಾವೇ ಹೋಗಿ ಹೇಳಿ, ದುಡ್ಡು ಕೊಟ್ಟು, ಗ್ಲಾಸ್ ನಾವೇ ತರಬೇಕು ಅಂತ ಹೇಳೋರು ಯಾರಿರಲಿಲ್ಲ. ಎರಡನೇದು ರೌಂಡು. ಐದು ಜನ ಹೋದ್ರೆ ಒಬ್ಬೊಬ್ಬರು ಸರದಿ ಮೇಲೆ ಎಲ್ಲರಿಗೂ ತರ್ತಾರೆ. ನಮ್ಮೆಜಮಾನ್ರು ಮೂರು ಜನ ತಂದಿದ್ದು ಕುಡಿದು, ಮನೇಲಿ ಕಾಯ್ತಿರ್ತಾರೆ ಅಂತ ಹೇಳಿ ಬಂದುಬಿಡೋರು, ಒಂದು ಸಲ ಅಲ್ಲ, ಒಂದು ವರ್ಷ ಹೀಗೇ. ಅವರು ಜಿಪುಣರಲ್ಲ, ಗೊತ್ತಿರಲಿಲ್ಲ ಅಷ್ಟೇ. ರೌಂಡ್ ಅಂದ್ರೆ ನಮ್ಮ ಮುಯ್ಯಿ ಕಣ್ರೀ. ಮದುವೇಲಿ ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡು ಅವರ ಮನೆ ಮದುವೇಲಿ ತೀರಿಸೋ ಜನ ನಾವು, ಈ ಮುಯ್ಯಿ ಮಾತ್ರ ನಮಗೆ ಅರ್ಥ ಆಗ್ಲಿಲ್ಲ. ಆಮೇಲೆ ಅವರನ್ನ ಕರೆಯೋದೇ ಬಿಟ್ರು, ಇಲ್ಲಿನೋರು ನಮ್ಮನ್ನ ಸೇರಿಸ್ಕೊಳ್ಳಲ್ಲ ಅಂತ ನಾವು ಊರಿಗೆ ಫೋನ್ ಮಾಡಿ ದೂರ್ತಿದ್ವಿ. ನೀವು ಸೋಡಾ ಕುಡಿಯೋರಾದ್ರೂ ನಿಮ್ಮ ಸರದಿ ಬಂದಾಗ ಎದ್ದು ಹೋಗಿ ತನ್ನಿ.

ಈಗ ಬಿಯರ್ ಅಂಗಡಿಗಳ ವಿಷಯ. ಇದಕ್ಕೆ ನಮ್ಮ ಕೆಂಟೇ ತವರು. ಮಾರ್ಟಿನ್ ಹಿಲಿಯರ್ ಅನ್ನೋರು 2005ರಲ್ಲಿ ಹರ್ನ್ ಹಳ್ಳೀಲಿ ಹಳೇ ಮಾಂಸದಂಗಡಿ ಒಂದನ್ನ ತಗೊಂಡು ಬುಚರ್ಸ್ ಆರ್ಮ್ಸ್ ಅಂತ ಪುಟ್ಟ ಪಬ್ಬು ಮಾಡಿದ್ರು, ಒಂದು ಕೋಣೆ, ಮ್ಯೂಸಿಕ್ ಇಲ್ಲ, ಮಾತು ಮತ್ತೆ ಏಲ್ ಅನ್ನೋ ಇಂಗ್ಲಿಷ್ ಬಿಯರ್. ಮೈಕ್ರೋಪಬ್ ಅನ್ನೋದು ಅಲ್ಲಿಂದ ಶುರು. ಅದೇ ವರ್ಷ ನವೆಂಬರಲ್ಲಿ ಹೊಸ ಲೈಸೆನ್ಸ್ ಕಾನೂನು ಜಾರಿಗೆ ಬಂತು, ಲೈಸೆನ್ಸ್ ಕೊಡೋದು ಮ್ಯಾಜಿಸ್ಟ್ರೇಟರ ಕೈಯಿಂದ ಕೌನ್ಸಿಲ್ ಕೈಗೆ ಬಂತು, ಸಣ್ಣ ವ್ಯಾಪಾರದೋರಿಗೆ ದಾರಿ ಸಲೀಸಾಯ್ತು. ನಮ್ಮ ಟೌನಲ್ಲೂ ಆಮೇಲೆ ಒಂದು ಹಳೇ ಚಪ್ಪಲಿ ರಿಪೇರಿ ಅಂಗಡೀಲಿ ಒಂದು ಶುರುವಾಯ್ತು, ಗೋಡೆ ತುಂಬ ಬಾಟ್ಲು ಕ್ಯಾನು, ಮನೆಗೂ ತಗೊಂಡು ಹೋಗಬಹುದು, ಸ್ವಲ್ಪ ಜಾಸ್ತಿ ಕೊಟ್ಟು ಅಲ್ಲೇ ಕೂತು ಕುಡೀಬಹುದು. ಹಿಂದುಗಡೆ ತಣ್ಣಗಿರೋ ಸಣ್ಣ ರೂಮು, ಮರದ ಸ್ಟ್ಯಾಂಡ್ ಮೇಲೆ ಪೀಪಾಯಿಗಳು ಅಡ್ಡಡ್ಡ ಮಲಗಿರ್ತವೆ, ಅಂಗಡಿಯಮ್ಮ ಗ್ಲಾಸ್ ಹಿಡ್ಕೊಂಡು ಒಳಗೆ ಹೋಗಿ, ಕೂತು, ನಲ್ಲಿ ತಿರುಗಿಸಿ ತುಂಬಿಸ್ಕೊಂಡು ಬರ್ತಾರೆ, ಪೀಪಾಯಿ ಖಾಲಿಯಾದ್ರೆ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರೋ ಹೆಸರನ್ನ ಒದ್ದೆ ಬಟ್ಟೇಲಿ ಒರೆಸ್ತಾರೆ. ಬೆಂಚುಗಳು ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗೋ ಹಾಗೆ, ಮಾತಾಡದೆ ಕೂರಕ್ಕೆ ಆಗೋದೇ ಇಲ್ಲ. ನಾನು ಈ ದೇಶದಲ್ಲಿ ಗುರುತಿಲ್ಲದೋರ ಜೊತೆ ಬಾಯಿಬಿಟ್ಟು ಮಾತಾಡಿದ್ದು ಮೊದಲು ಅಲ್ಲೇ. ಅರ್ಧ ಪಿಂಟ್ ಮೈಲ್ಡ್, ಅಂದ್ರೆ ಕಹಿ ಕಮ್ಮಿ ಇರೋ ಏಲ್, ಕುಡಿದಿದ್ದೂ ಅಲ್ಲೇ.

ಸಸ್ಯಾಹಾರಿಗಳು ಇದನ್ನ ಗಮನ ಇಟ್ಟು ಓದಿ. ನಮ್ಮೆಜಮಾನ್ರು ಮೊಟ್ಟೇನೂ ಮುಟ್ಟದೋರು, ಎಂಟು ವರ್ಷ ಪಬ್ಬಲ್ಲಿ ಏಲ್ ಕುಡಿದಿದಾರೆ. ಒಂದಿನ ಅಂಗಡಿಯಮ್ಮ ಮಾತಿಗೆ ಹೇಳಿದ್ರು, ಕಾಸ್ಕ್ ಏಲ್, ಅಂದ್ರೆ ಪೀಪಾಯಿ ಏಲ್, ತಿಳಿಯಾಗಲಿ ಅಂತ ಐಸಿಂಗ್ಲಾಸ್ ಹಾಕೋದು ಹಳೇ ಪದ್ಧತಿ, ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಮಾಡೋದು ಅಂತ. ಇವರು ಗ್ಲಾಸ್ ಕೆಳಗಿಟ್ಟೋರು ಅವತ್ತು ರಾತ್ರಿ ಊಟ ಮಾಡಲಿಲ್ಲ. ಹಾಕದೇ ಇರೋವೂ ಬೇಕಾದಷ್ಟಿವೆ, ಸ್ವಲ್ಪ ಮಬ್ಬಾಗಿರ್ತವೆ, ವೀಗನ್ ಅಂತ ಬರೆದಿರ್ತಾರೆ. ಮೊದಲೇ ಕೇಳಿ, ಪಬ್ಬಲ್ಲಾದ್ರೂ ಅಂಗಡೀಲಾದ್ರೂ.

ಅಂಗಡಿ ಹೀಗೆ ಹತ್ತಿರ ಆಗ್ತಾ ಆಗ್ತಾ ನಾವು ಹೋಗ್ತಿದ್ದ ನಮ್ಮ ಟೌನಿನ ಪಬ್ಬು ಬಿಟ್ವಿ. ಅಂಗಡೀಲಿ ಬಿಯರ್ ಚೆನ್ನಾಗಿತ್ತು, ಟಾಯ್ಲೆಟ್ ಕ್ಲೀನಾಗಿತ್ತು, ಪಬ್ಬಲ್ಲಿ ಕಾರ್ಪೆಟ್ ವಾಸನೆ ಅಂತ ನಾನೇ ಮಾತಾಡ್ತಿದ್ದೆ. ಪಬ್ಬಿನೋರು ಯಾಕೆ ಸೊರಗ್ತಿದಾರೆ ಅಂತ ಒಂದು ದಿನ ಕೇಳಲಿಲ್ಲ. ಆಮೇಲೆ ತಿಳೀತು. ಅವರದು ಟೈಡ್ ಪಬ್ಬು, ಅಂದ್ರೆ ಕಟ್ಟಡ ಒಂದು ಪಬ್ ಕಂಪನೀದು, ಬಾಡಿಗೇನೂ ಅವರಿಗೆ, ಬಿಯರೂ ಅವರ ಹತ್ರಾನೇ ಅವರು ಹೇಳಿದ ರೇಟಿಗೆ ತಗೋಬೇಕು. 1989ರಲ್ಲಿ ಸರ್ಕಾರ ದೊಡ್ಡ ಬ್ರೂವರಿಗಳ ಕೈಲಿ ಸಾವಿರಾರು ಪಬ್ ಇರಬಾರದು ಅಂತ ಆರ್ಡರ್ ಮಾಡ್ತು, ಅವು ಹೋಗಿ ಪಬ್ ಕಂಪನಿಗಳ ಕೈಗೆ ಸಿಕ್ವು, ಬಾಡಿಗೆಯೋರ ಪಾಡು ಅಷ್ಟೇ ಆಯ್ತು. ಬಾಡಿಗೆಯೋರನ್ನ ಕಾಪಾಡಕ್ಕೆ 2016ರ ಪಬ್ಸ್ ಕೋಡ್ ಅನ್ನೋ ನಿಯಮ ಇದೆ, ಆದ್ರೆ ಅದು 500 ಟೈಡ್ ಪಬ್ ಅಥವಾ ಜಾಸ್ತಿ ಇರೋ ಕಂಪನಿಗಳಿಗೆ ಮಾತ್ರ. ಇತ್ತ ಅಂಗಡಿಯಮ್ಮ ಸೀದಾ ಬ್ರೂವರಿಗೆ ಫೋನ್ ಮಾಡಿ ತರಿಸ್ತಾರೆ, ಅಡುಗೆಮನೆ ಇಲ್ಲ, ನೆಲಮಾಳಿಗೆ ಇಲ್ಲ, ಜಾಗದ ರೇಟಬಲ್ ವ್ಯಾಲ್ಯೂ (ತೆರಿಗೆಗೆ ಅಂತ ಜಾಗಕ್ಕೆ ಕಟ್ಟೋ ಬೆಲೆ) 12,000 ಪೌಂಡ್ ಒಳಗೆ ಇರೋದ್ರಿಂದ ಬಿಸಿನೆಸ್ ರೇಟ್ಸ್ ಅನ್ನೋ ಅಂಗಡಿ ತೆರಿಗೆ ಒಂದು ಪೆನ್ನಿ ಕಟ್ಟಂಗಿಲ್ಲ. ಅವರ ತಪ್ಪು ಏನೂ ಇಲ್ಲ, ಬೆಳಗಿಂದ ರಾತ್ರಿವರೆಗೂ ಒಬ್ಬರೇ ದುಡೀತಾರೆ. ಆದ್ರೆ ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಓಡಿಸಿಲ್ಲ ಅನ್ನೋದು ನಮಗೆ ಗೊತ್ತಿರಬೇಕಿತ್ತು. ಏಲ್‌ದು ಇನ್ನೊಂದು ಕಷ್ಟ ಇದೆ, ಒಂದು ಫರ್ಕಿನ್ ಪೀಪಾಯೀಲಿ 72 ಪಿಂಟ್, ಓಪನ್ ಮಾಡಿದ್ಮೇಲೆ ಮೂರು ದಿನಕ್ಕೆಲ್ಲಾ ಖಾಲಿಯಾಗಬೇಕು ಇಲ್ಲಾಂದ್ರೆ ಹುಳಿ. ಜನ ಕಮ್ಮಿಯಾದ್ರೆ ಬಿಯರ್ ಕೆಡುತ್ತೆ, ಬಿಯರ್ ಕೆಟ್ರೆ ಇರೋ ಜನಾನೂ ಹೋಗ್ತಾರೆ. ನಮ್ಮ ಪಬ್ಬಿನೋರು ಮೊದಲು ಸೋಮವಾರ ಮುಚ್ಚಿದ್ರು, ಆಮೇಲೆ ಮಂಗಳವಾರಾನೂ, ಆಮೇಲೆ ಅಡುಗೆಮನೆ ನಿಲ್ಲಿಸಿದ್ರು, ಕೋವಿಡ್ ಆದ್ಮೇಲೆ ಪೂರ್ತಿ.

ನನ್ನ ಹೊಟ್ಟೆ ಉರಿಯೋದು ಇದಕ್ಕೆ. ಮುಚ್ಚೋಕೆ ಮೊದಲು ಸ್ಕೂಲ್ ಗೇಟ್ ಹತ್ರ ಒಬ್ಬರು ತಾಯಿ ಕ್ಲಿಪ್‌ಬೋರ್ಡ್ ಹಿಡ್ಕೊಂಡು ನಿಂತಿದ್ರು. 2011ರ ಲೋಕಲಿಸಂ ಕಾನೂನಲ್ಲಿ, ಊರಿನ ವೋಟರ್ ಲಿಸ್ಟಲ್ಲಿ ಹೆಸರಿರೋ 21 ಜನ ಸೇರಿ ಬರೆದುಕೊಟ್ರೆ ಪಬ್ಬನ್ನ ಊರಿನ ಆಸ್ತಿ ಅಂತ ಕೌನ್ಸಿಲ್ ನೋಂದಾಯಿಸಬಹುದು, ಆಗ ಮಾಲೀಕರು ಮಾರಕ್ಕೆ ಹೋದ್ರೆ ಊರೋರಿಗೆ ದುಡ್ಡು ಹೊಂದಿಸಕ್ಕೆ ಆರು ತಿಂಗಳು ಟೈಮ್ ಸಿಗುತ್ತೆ. ಅವರು ನನ್ನನ್ನೂ ಕೇಳಿದ್ರು. ನಾನು ನಕ್ಕು, ನಮ್ಮದು ಓಟಿಲ್ಲ ಬಿಡಿ ಅಂದೆ. ಓಟಿತ್ತು! ಹೆಸರು ಸೇರಿಸಿರಲಿಲ್ಲ, ಅಷ್ಟೇ. ಅವರು 21 ಹೆಸರು ಕೂಡಿಸೋ ಹೊತ್ತಿಗೆ ಪಬ್ ಮಾರಿ ಆಗಿತ್ತು. ಈಗ ಅಲ್ಲಿ ಫ್ಲ್ಯಾಟ್‌ಗಳಿವೆ. ಬೋರ್ಡ್ ತೂಗುಹಾಕ್ತಿದ್ದ ಕಬ್ಬಿಣದ ಕೊಕ್ಕೆ ಮಾತ್ರ ಗೋಡೆ ಮೇಲೆ ಹಾಗೇ ಇದೆ.

ಒಂದು ಸಲ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ಗೆ ಹೋಗಿದ್ವಿ, ಅಲ್ಲಿ ಪಂಜಾಬಿಗಳು ನಡೆಸೋ ದೇಸಿ ಪಬ್‌ಗಳಿವೆ, ಬಿಸಿ ತಟ್ಟೇಲಿ ಮಿಕ್ಸೆಡ್ ಗ್ರಿಲ್ ಕೊಡ್ತಾರೆ, ಬಿಳಿಯರು ನಮ್ಮೋರು ಎಲ್ಲಾ ಒಂದೇ ಟೇಬಲಲ್ಲಿ. ಅದೇ ಊರಲ್ಲಿ 60ರ ದಶಕದಲ್ಲಿ ನಮ್ಮಂಥೋರನ್ನ ಎಷ್ಟೋ ಪಬ್ಬೊಳಗೆ ಬಿಡ್ತಿರಲಿಲ್ಲ. 1965ರ ಫೆಬ್ರವರೀಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅಲ್ಲಿಗೆ ಬಂದಿದ್ರು, ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನ ಅವತಾರ್ ಸಿಂಗ್ ಜೌಹಲ್ ಅಂಥೋರು ಬೇಕಂತಲೇ ಆ ಪಬ್‌ಗಳಿಗೆ ಹೋಗಿ ನಿಂತು ಹೋರಾಡಿದ್ರು, ಅದೇ ವರ್ಷ ಇಂಥ ಜಾಗಗಳಲ್ಲಿ ಬಣ್ಣ ನೋಡಿ ಭೇದ ಮಾಡಬಾರದು ಅನ್ನೋ ರೇಸ್ ರಿಲೇಷನ್ಸ್ ಕಾನೂನು ಬಂತು. ಅವರು ಅಷ್ಟು ಕಷ್ಟಪಟ್ಟು ತೆರೆಸಿದ ಬಾಗಿಲ ಮುಂದೆ ನಾನು ಕಾರಲ್ಲಿ ಕೂತಿದ್ದೆ ಅನ್ನೋದು ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗುತ್ತೆ.

ಪಬ್ಬಿಗೆ ಅಂಗಡಿ ಶತ್ರು ಅಂತಾರೆ, ನನಗೆ ಹಾಗನ್ಸಲ್ಲ. ಇಬ್ಬರಿಗೂ ಪೆಟ್ಟು ಕೊಡ್ತಿರೋದು ಸೂಪರ್‌ಮಾರ್ಕೆಟಿನ ಅಗ್ಗದ ಬಿಯರ್ ಕೇಸು, ನಮ್ಮ ಮನೆ ಫ್ರಿಜ್ಜು. 2023ರ ಆಗಸ್ಟಿಂದ ನಲ್ಲಿಯಿಂದ ಸುರಿಯೋ ಬಿಯರಿಗೆ ತೆರಿಗೆ ಸ್ವಲ್ಪ ಕಮ್ಮಿ ಇಟ್ಟಿದಾರೆ, ಆದ್ರೂ ಸಾಲದು. ನಾವು ಶನಿವಾರ ಅಂದ್ರೆ ನಾಲ್ಕೈದು ಕನ್ನಡದ ಫ್ಯಾಮಿಲಿ ಯಾರದಾದ್ರೂ ಮನೇಲಿ ಸೇರಿ, ಗಂಡಸರು ಗ್ಯಾರೇಜಲ್ಲಿ, ಹೆಂಗಸರು ಅಡುಗೆಮನೇಲಿ, ಮಕ್ಕಳು ಮೇಲಿನ ರೂಮಲ್ಲಿ ಐಪ್ಯಾಡ್ ಹಿಡ್ಕೊಂಡು. ಬಿಸಿಬೇಳೆಬಾತ್ ಚೆನ್ನಾಗಿರುತ್ತೆ, ಬೇಡ ಅನ್ನಲ್ಲ. ಆದ್ರೆ ಹತ್ತು ವರ್ಷ ಹೀಗೆ ಕಳೆದು ಪಕ್ಕದ ಮನೆಯೋರ ಹೆಸರು ಗೊತ್ತಿಲ್ಲದ ಹಾಗಾಯ್ತು. ಊರಲ್ಲಿ ಸಂಜೆ ಆದ್ರೆ ಅಪ್ಪ ಅರಳಿಕಟ್ಟೆಗೆ ಹೋಗೋರು, ಆಮೇಲೆ ಹೋಟೆಲಲ್ಲಿ ಬೈ-ಟೂ ಕಾಫಿ, ಮಾಣಿ ಕೇಳದೇ ತಂದಿಡ್ತಿದ್ದ. ಮಳೆ, ಬೆಳೆ, ಯಾರ ಮನೇಲಿ ಹುಷಾರಿಲ್ಲ ಎಲ್ಲಾ ಅಲ್ಲೇ ಗೊತ್ತಾಗೋದು. ನಾನು ಕಳ್ಕೊಂಡಿರೋದು ಆ ಕಟ್ಟೆ ಅಂತ ನನಗೆ ಅರ್ಥ ಆಗಿದ್ದು, ಮಗಳು ಮುಚ್ಚಿದ ಪಬ್ಬಿನ ಮುಂದೆ ನಿಂತು ‘ಅಮ್ಮ, ನಮ್ಮ ಪಬ್ ಹೋಯ್ತು’ ಅಂತ ಅತ್ತಾಗ. ಅಲ್ಲಿನ ಯಜಮಾನ್ರಿಗೆ ಅವಳ ಹೆಸರು ಗೊತ್ತಿತ್ತು, ಆಪಲ್ ಜ್ಯೂಸ್‌ಗೆ ಎರಡು ಸ್ಟ್ರಾ ಬೇಕು ಅನ್ನೋದೂ ಗೊತ್ತಿತ್ತು.

ಮಕ್ಕಳನ್ನ ಕರ್ಕೊಂಡು ಹೋಗಿ, ಬಹಳಷ್ಟು ಪಬ್ಬಲ್ಲಿ ಸಂಜೆ ಒಂದು ಟೈಮ್‌ವರೆಗೂ ಬಿಡ್ತಾರೆ, ಬಾಗಿಲಲ್ಲಿ ಬರೆದಿರುತ್ತೆ. ಚಿಕ್ಕ ವಯಸ್ಸಿನೋರ ಥರ ಕಾಣೋರು ಐಡಿ ಇಟ್ಕೊಳ್ಳಿ. ಡ್ರೈವ್ ಮಾಡೋರು ಕುಡೀಲೇಬೇಡಿ, ಲೆಕ್ಕ ಹಾಕಕ್ಕೆ ಹೋಗ್ಬೇಡಿ.

ನಮ್ಮ ಟೌನಲ್ಲಿ ಇನ್ನೊಂದು ಹಳೇ ಪಬ್ ಉಳಿದಿದೆ, ಸ್ಟೇಷನ್ ಕೆಳಗಿನ ರಸ್ತೇಲಿ, ಅದನ್ನ ಊರಿನ ಆಸ್ತಿ ಲಿಸ್ಟಿಗೆ ಸೇರಿಸಕ್ಕೆ ಮತ್ತೆ ಹೆಸರು ಕೂಡಿಸ್ತಿದೀವಿ, ಈ ಸಲ ಕ್ಲಿಪ್‌ಬೋರ್ಡ್ ನನ್ನ ಕೈಲಿದೆ, 14 ಆಗಿದೆ. ಶುಕ್ರವಾರ ಆರು ಗಂಟೆಗೆ ಅಲ್ಲಿರ್ತೀವಿ, ಎಂಟಕ್ಕೆ ಅಲ್ಲಿಂದ ಬಿಯರ್ ಅಂಗಡಿಗೆ. ಹೊಸಬರು ಯಾರಿದ್ರೂ ಬನ್ನಿ, ಮೊದಲ ರೌಂಡ್ ನಮ್ಮದು.